ಮುದ್ದೆಮಣೆಯ ಆಂಜಿನಪ್ಪ

ಮೊದಲಿಗೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಯಂತ್ರದ ವಿಷಯ ಬರೆಯಲು ಯಂತ್ರ ಬಲ್ಲವರು ಬೇಕು; ಗಣಿಯ ವಿಷಯ ಬರೆಯಲು ಒಮ್ಮೆಯಾದರೂ ಅದರೊಳಗೆ ಇಳಿದು ಬಂದವರು ಬೇಕು. ಈ ಬರಹದ ಬೆನ್ನಿಗೆ ಆ ಎರಡೂ ಯೋಗ್ಯತೆ ಇಲ್ಲ. ಸಂಜೆ ಶಾಲೆಯಲ್ಲಿ ಕಲಿತ ಕನ್ನಡ, ಕೇಳಿದ್ದನ್ನೇ ಮತ್ತೆ ಕೇಳಿ ಖಾತ್ರಿ ಮಾಡಿಕೊಳ್ಳುವ ಪುಕ್ಕಲುತನ, ಇಷ್ಟೇ ಬಂಡವಾಳ. ಆದರೂ ಆಂಜಿನಪ್ಪನವರ ಕೆಲಸವನ್ನು ಒಂದು ಬೆಳಗ್ಗೆ ಹತ್ತಿರದಿಂದ ಕಂಡ ಮೇಲೆ ಸುಮ್ಮನಿದ್ದುಬಿಡುವುದು ಇನ್ನೂ ದೊಡ್ಡ ತಪ್ಪೆನಿಸಿತು. ಎಡವಿದ ಕಡೆ ಬಲ್ಲವರು ತಿದ್ದಬೇಕು.

ಬಂಗಾರಪೇಟೆಯಿಂದ ಹೊರಡುವ ಕೂಲಿಕಾರರ ಮೊದಲ ರೈಲು ಉರಿಗಾಂನಲ್ಲಿ ನಿಂತಾಗ ಇನ್ನೂ ಮಬ್ಬುಗತ್ತಲು. ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬಗಳು ಮಲಗಿದ ಎಮ್ಮೆಗಳ ಹಾಗೆ ಕಾಣುತ್ತವೆ. ಜನ ಇಳಿದು, ಬೀಡಿ ಹಚ್ಚಿಕೊಂಡು, ಆಕಳಿಸುತ್ತ ಸಾಲುಗಟ್ಟುತ್ತಾರೆ. ಆಂಜಿನಪ್ಪ ಮಾತ್ರ ಯಾರಿಗೂ ಕಾಯುವುದಿಲ್ಲ. ಕೈಯಲ್ಲಿ ಊಟದ ಕ್ಯಾರಿಯರ್ ಹಿಡಿದು ಹಳಿ ದಾಟಿ ಬಿರುಸಾಗಿ ನಡೆಯುತ್ತಾರೆ. ಐವತ್ತು ದಾಟಿದ ಕಾಲುಗಳೆಂದು ಹೇಳುವಂತಿಲ್ಲ.

"ಬಿರ್‍ನೆ ಬನ್ನಿ ಸ್ವಾಮಿ. ಕೆಳಗಿನೋರು ಕೆಲ್ಸಕ್ಕೆ ಕೈ ಆಕಿದ್ರೆ ನಮಗೆ ಗಾಳಿ ಸಿಕ್ಕಾಕಿಲ್ಲ" ಎನ್ನುತ್ತಾರೆ, ತಿರುಗಿ ನೋಡದೆ.

ಗಾಳಿ ಎಂದರೆ ಬೀಸುವ ಗಾಳಿಯಲ್ಲ. ಗಣಿಯ ಮೇಲ್ಗಡೆ ದೊಡ್ಡ ಕಂಪ್ರೆಸರ್‌ಗಳಿವೆ. ಅವು ಗಾಳಿಯನ್ನು ಅದುಮಿ ಕೊಳವೆಗಳಲ್ಲಿ ತುಂಬಿ ಪಾತಾಳಕ್ಕೆ ಕಳಿಸುತ್ತವೆ. ಅಲ್ಲಿ ಬಂಡೆ ಕೊರೆಯುವ ಡ್ರಿಲ್ಲುಗಳು ಓಡುವುದು ಆ ಗಾಳಿಯಿಂದಲೇ. ಅದೇ ಕೊಳವೆಯ ಒಂದು ಕವಲು ವರ್ಕ್‌ಶಾಪಿನ ಮೂಲೆಗೂ ಬರುತ್ತದೆ. ರಾತ್ರಿ ಪಾಳಿಯವರು ಸಿಡಿಮದ್ದು ಹಾರಿಸಿ ಮೇಲೆ ಬಂದು, ಬೆಳಗಿನ ಪಾಳಿಯವರು ಇಳಿದು ಡ್ರಿಲ್ಲು ಹಿಡಿಯುವ ನಡುವೆ ಒಂದಿಷ್ಟು ಹೊತ್ತು ಆ ಗಾಳಿ ಅಲುಗದೆ ನಿಂತಿರುತ್ತದೆ, ಗಾಳಿಯಿಲ್ಲದ ಸಂಜೆಯ ಬೇತಮಂಗಲದ ಕೆರೆಯಂತೆ. ಆಂಜಿನಪ್ಪನವರ ಕೆಲಸವೆಲ್ಲ ಆ ಹೊತ್ತಿನೊಳಗೇ. ಡ್ರಿಲ್ಲುಗಳು ಶುರುವಾದರೆ ಕೊಳವೆಯ ಬಲ ಏರುತ್ತದೆ, ಇಳಿಯುತ್ತದೆ. ಮೇಜಿನ ಮೇಲಿನ ಕೆಲಸ ಕೆಡುತ್ತದೆ.

ವರ್ಕ್‌ಶಾಪಿನ ಮೂಲೆಯ ಮೇಜಿಗೆ ಒಂದು ಎರಕದ ಕಬ್ಬಿಣದ ಹಲಗೆ ಬಿಗಿದಿದೆ. ರೊಟ್ಟಿ ತಟ್ಟುವ ಮಣೆಗಿಂತ ದೊಡ್ಡದಲ್ಲ. ಮೈಯೆಲ್ಲ ಕನ್ನಡಿಯಷ್ಟು ಸಪಾಟು. ನಡುವೆ ಶಾವಿಗೆ ಒರಳಿನ ಬಿಲ್ಲೆಯಲ್ಲಿರುವಂತೆ ಸಣ್ಣ ಸಣ್ಣ ತೂತುಗಳು. ಆಂಜಿನಪ್ಪ ಅಂಗೈಯಿಂದ ಹಲಗೆಯನ್ನು ಸವರುತ್ತಾರೆ, ಮತ್ತೆ ಸವರುತ್ತಾರೆ, ಒಂದು ಕೂದಲೆಳೆ ಇದ್ದರೂ ಊದಿ ತೆಗೆಯುತ್ತಾರೆ. ಅದರ ಮೇಲೆ ಒಂದು ಹಿತ್ತಾಳೆ ಬಿಲ್ಲೆ ಇಡುತ್ತಾರೆ. ಅಗಲದಲ್ಲಿ ಬೆಳ್ಳಿ ರೂಪಾಯಿಗಿಂತ ತುಸು ದೊಡ್ಡದು, ದಪ್ಪದಲ್ಲಿ ಹಲಸಿನ ಎಲೆಯಷ್ಟು. ಆಮೇಲೆ ಒಂದು ಪುಟ್ಟ ನಲ್ಲಿ ತಿರುಗಿಸುತ್ತಾರೆ. ಎಲ್ಲೋ ಹಾವು ಬುಸುಗುಟ್ಟಿದಂತೆ ಸದ್ದು.

"ಈಗ ತೆಗೀರಿ ನೋಡಾನ."

ಉಗುರು ಹಾಕಿದರೂ ಬಿಲ್ಲೆ ಬರುವುದಿಲ್ಲ. ಪಕ್ಕಕ್ಕೆ ತಳ್ಳಿದರೂ ಜರುಗುವುದಿಲ್ಲ. ಹಿಡಿದಿರುವ ಇಕ್ಕಳವಿಲ್ಲ, ತಿರುಪಿಲ್ಲ, ಅಂಟಿಲ್ಲ, ಅಯಸ್ಕಾಂತವಿಲ್ಲ. ಆಂಜಿನಪ್ಪ ನಕ್ಕು ನಲ್ಲಿ ಮುಚ್ಚುತ್ತಾರೆ. ಬಿಲ್ಲೆ ಹಣ್ಣೆಲೆ ಕಳಚಿದಂತೆ ಕೈಗೆ ಬರುತ್ತದೆ.

"ಇಡ್ಕಂಡಿದ್ದು ನಾನಲ್ಲ, ಕಬ್ಬಿಣಾನೂ ಅಲ್ಲ. ಮೇಲಿರೋ ಗಾಳಿ. ಕೆಳಗಿನ ಗಾಳಿ ತೆಗೆದುಬಿಟ್ರೆ ಮೇಲಿನ ಗಾಳಿ ತುಳ್ಕಂಡು ಕೂತ್ಕತದಂತೆ. ನಮ್ಮ ತಲೆ ಮೇಲೂ ಅಂಗೇ ಕೂತದಂತೆ. ನಾವು ಉಟ್ಟಿದಾಗಿಂದ ಒತ್ಕಂಡಿದೀವಿ, ಅದಕ್ಕೇ ಗೊತ್ತಾಗಲ್ಲ."

ಹೀಗೆ ಹಿಡಿದ ಬಿಲ್ಲೆಯ ಮೇಲೆ ಅವರು ಎಣ್ಣೆಯಲ್ಲಿ ಕಲಸಿದ ಸಾಣೆಪುಡಿ ಹಚ್ಚಿ, ಚಪ್ಪಟೆ ಉಜ್ಜುಗಲ್ಲಿನಿಂದ ಮೆಲ್ಲಗೆ ಉಜ್ಜುತ್ತಾರೆ. ಒಂದು ಮಗ್ಗುಲಾದ ಮೇಲೆ ಇನ್ನೊಂದು. ನಂತರ ನೀಲಿ ಬಳಿದ ಕಬ್ಬಿಣದ ಮೇಲೆ ಬಿಲ್ಲೆಯನ್ನು ಮುಟ್ಟಿಸಿ ನೋಡುತ್ತಾರೆ. ಅಂಚಿನ ಸುತ್ತ ನೀಲಿ ಉಂಗುರ ಎಲ್ಲೂ ಹರಿಯದೆ ಮೂಡಿದರೆ ಬಿಲ್ಲೆ ಸಪಾಟಾಗಿದೆ ಎಂದರ್ಥ. ಹರಿದರೆ ಮತ್ತೆ ಉಜ್ಜಬೇಕು. ಒಂದು ಬೆಳಗ್ಗೆಗೆ ಒಂದು ಬಿಲ್ಲೆಯಾದರೆ ಅದು ಒಳ್ಳೆಯ ಬೆಳಗು.

ಇಷ್ಟು ಅಕ್ಕರೆ ಒಂದು ಹಿತ್ತಾಳೆ ಚೂರಿಗೆ ಏಕೆಂದು ಕೇಳಬಹುದು. ಗಣಿಯಲ್ಲಿ ಬೆಂಕಿ ಬಿದ್ದು ಹೊಗೆ ತುಂಬಿದಾಗ ಒಳಗೆ ನುಗ್ಗುವ ರಕ್ಷಣಾ ದಳವೊಂದಿದೆ. ಆರು ಜನರ ತಂಡ. ಅವರು ಎದೆಗೆ ಉಸಿರಿನ ಪೆಟ್ಟಿಗೆ ಕಟ್ಟಿಕೊಂಡು, ಅದರ ಕೊಳವೆಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತಾರೆ. ಪೆಟ್ಟಿಗೆಯೊಳಗೆ ಈ ಬಿಲ್ಲೆ ಕೂತಿರುತ್ತದೆ. ಉಸಿರು ಎಳೆದಾಗ ಏಳುತ್ತದೆ, ಬಿಟ್ಟಾಗ ಮುಚ್ಚುತ್ತದೆ. ಎಳ್ಳಷ್ಟು ಸೊಟ್ಟಗಿದ್ದರೂ ಸರಿಯಾಗಿ ಮುಚ್ಚದು. ಬಿಟ್ಟ ಕೆಟ್ಟ ಉಸಿರೇ ಮತ್ತೆ ಎದೆಗೆ ಬರುತ್ತದೆ. ಮೊದಲೆಲ್ಲ ಬಿಲ್ಲೆಗಳು ವಿಲಾಯಿತಿಯಿಂದ ಹಡಗಿನಲ್ಲಿ ಬರುತ್ತಿದ್ದವು. ಐವತ್ತೇಳು ಐವತ್ತೆಂಟರ ಹೊತ್ತಿಗೆ ಪರದೇಶದ ಸಾಮಾನಿಗೆ ಕಟ್ಟುನಿಟ್ಟು ಬಂದು ಅವು ನಿಂತೇಹೋದವು. ಇಲ್ಲೇ ಮಾಡಿ ಎಂದರು ಮೇಲಿನವರು.

ಮಾಡುವುದು ಹೇಗೆ? ಇಕ್ಕಳದಲ್ಲಿ ಹಿಡಿದರೆ ಹಪ್ಪಳದಂತೆ ಮುದುಡುತ್ತದೆ. ಹಿತ್ತಾಳೆಯಾದ್ದರಿಂದ ಅಯಸ್ಕಾಂತಕ್ಕೆ ಜಪ್ಪಯ್ಯ ಎನ್ನುವುದಿಲ್ಲ. ಬೆರಳಿನಿಂದ ಒತ್ತಿ ಉಜ್ಜಿದರೆ ನಡು ತಗ್ಗಿ ಅಂಚು ಎದ್ದು ನಿಲ್ಲುತ್ತದೆ. ಯುದ್ಧದ ಕಾಲದಲ್ಲಿ ವಿಮಾನದ ಕಾರ್ಖಾನೆಯೊಂದರಲ್ಲಿ ತೆಳು ತಗಡುಗಳನ್ನು ಗಾಳಿ ಹೀರಿ ಹಿಡಿಯುತ್ತಿದ್ದುದನ್ನು ಕಂಡಿದ್ದ ಫೋರ್‌ಮನ್ ಅದನ್ನು ಬಾಯಿಮಾತಿನಲ್ಲಿ ವಿವರಿಸಿದರು. ಕೇಳುತ್ತಿದ್ದವರಲ್ಲಿ ಒಬ್ಬರ ಕಣ್ಣು ಮಾತ್ರ ಅರಳಿತು.

ಆಂಜಿನಪ್ಪನವರಿಗೆ ಅದು ಹೊಸದಾಗಿರಲಿಲ್ಲ. ಬಂಗಾರಪೇಟೆ ಪಕ್ಕದ ಹಳ್ಳಿಯ ಕೂಲಿ ಮನೆಯಲ್ಲಿ ಹುಟ್ಟಿ, ಮೀಸೆ ಮೂಡುವ ಮೊದಲೇ ಗಣಿಗೆ ಬಂದವರು ಅವರು. ಮೊದಲ ಕೆಲಸ ಸೈನೈಡ್ ಅಂಗಳದಲ್ಲಿ ಕ್ಯಾನ್ವಾಸ್ ತೊಳೆಯುವುದು. ಅಲ್ಲಿ ಪುಡಿಮಾಡಿದ ಅದಿರಿನ ಬೂದು ಕೆಸರು ತೊಟ್ಟಿಯಲ್ಲಿ ತುಂಬಿರುತ್ತಿತ್ತು. ಕ್ಯಾನ್ವಾಸ್ ಹೊದಿಸಿದ ಚೌಕಟ್ಟುಗಳನ್ನು ಅದರಲ್ಲಿ ಮುಳುಗಿಸಿ ಒಳಗಿನಿಂದ ಪಂಪು ಹೀರಿದರೆ, ನೀರು ಒಳಹೋಗಿ ಕೆಸರು ಮಾತ್ರ ಬಟ್ಟೆಗೆ ಒಬ್ಬಟ್ಟಿನ ಹಾಗೆ ಕಚ್ಚಿಕೊಳ್ಳುತ್ತಿತ್ತು. ಮೇಲೆತ್ತಿ ಪಂಪು ನಿಲ್ಲಿಸಿದರೆ ದೊಪ್ಪನೆ ಬೀಳುತ್ತಿತ್ತು. ಕೆಸರಿನಿಂದ ಕೈ ಒಡೆದು ರಕ್ತ ಬರುತ್ತಿದ್ದ ದಿನಗಳಲ್ಲೂ ಅದನ್ನು ನೋಡುವುದು ಅವರಿಗೆ ಬೇಸರವಾಗಲಿಲ್ಲ. "ಇಡಿ ಅಂದ್ರೆ ಇಡೀತದೆ, ಬಿಡು ಅಂದ್ರೆ ಬಿಡ್ತದೆ. ನಮ್ಮನೇಲಿ ಯಾರೂ ಅಂಗೆ ಮಾತು ಕೇಳ್ತಿರಲಿಲ್ಲ" ಎಂದು ನಗುತ್ತಾರೆ.

ಹೀರುವ ಪಂಪು ವರ್ಕ್‌ಶಾಪಿನಲ್ಲಿ ಇರಲಿಲ್ಲ. ಊದುವ ಗಾಳಿ ಮಾತ್ರ ಇತ್ತು. ಊದುವುದರಿಂದಲೇ ಹೀರಿಸುವ ದಾರಿ ತೋರಿಸಿದ್ದು ಆಸ್ಪತ್ರೆಯಲ್ಲಿ ಸೊಳ್ಳೆಗೆ ಹೊಡೆಯುವ ಫ್ಲಿಟ್ ಪಂಪು. ಡಬ್ಬಿಯ ಸಣ್ಣ ನಳಿಗೆಯ ಬಾಯಿಯ ಮುಂದೆ ಗಾಳಿ ರಭಸದಿಂದ ಹಾದರೆ ಒಳಗಿನ ಔಷಧಿ ತಾನೇ ಮೇಲೇರುತ್ತದಲ್ಲ, ಅದೇ ಉಪಾಯ. ಗಣಿಯ ಗಾಳಿಯನ್ನು ಕಿರಿದಾದ ಬಾಯಿಯಿಂದ ಹಾಯಿಸಿ, ಪಕ್ಕದಲ್ಲೊಂದು ತೂತು ಕೊರೆದು, ಆ ತೂತಿಗೆ ರಬ್ಬರ್ ನಳಿಗೆ ಸಿಕ್ಕಿಸಿ ಹಲಗೆಯ ಕೆಳಕ್ಕೆ ಜೋಡಿಸಿದರು. ಹಲಗೆ ಹೀರತೊಡಗಿತು.

ಆದರೆ ಬಿಲ್ಲೆಯ ಅಂಚಿನಿಂದ ಗಾಳಿ ನುಸುಳುತ್ತಿತ್ತು. ಸುತ್ತ ಏನಾದರೂ ಮೆತ್ತಬೇಕು. ಗ್ರೀಸು ಸಾಣೆಪುಡಿಗೆ ಬೆರೆತುಹೋಯಿತು. ಮೇಣ ಒಣಗಿ ಬಿರುಕುಬಿಟ್ಟಿತು. ಊಟದ ಹೊತ್ತಿಗೆ ಆಂಜಿನಪ್ಪ ಕ್ಯಾರಿಯರ್ ಬಿಚ್ಚಿದಾಗ ಎದುರಿಗೇ ಕೂತಿತ್ತು ಉತ್ತರ: ಹೆಂಡತಿ ಕನಕಮ್ಮ ಕಟ್ಟಿಕೊಟ್ಟ ರಾಗಿಮುದ್ದೆ. ನುಣ್ಣಗೆ, ಮೆತ್ತಗೆ, ಒಂದು ಗಂಟಿಲ್ಲ. ಒಂದು ತುತ್ತು ಮುರಿದು ಬಿಲ್ಲೆಯ ಸುತ್ತ ಮೆತ್ತಿ ನಲ್ಲಿ ತಿರುಗಿಸಿದರು. ಸದ್ದು ನಿಂತಿತು. ಕೇಕೆ ಹಾಕಬೇಕು ಎನ್ನುವಷ್ಟರಲ್ಲಿ ಮುದ್ದೆ ಬಿಲ್ಲೆಯ ಅಡಿಗೆ ನುಸುಳಿ, ತೂತುಗಳಲ್ಲಿ ಇಳಿದು, ನಳಿಗೆ ಸೇರಿ ಕಟ್ಟಿಕೊಂಡಿತು. ಕೋಲಾರದ ಸೀಮೆಯವರು ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಹಲಗೆಯೂ ಹಾಗೇ ನುಂಗಿಬಿಟ್ಟಿತ್ತು.

ಪಕ್ಕದ ಮೇಜಿನ, ತಮಿಳು ಮನೆಮಾತಿನ ಫಿಟ್ಟರ್ ಕುಪ್ಪುಸ್ವಾಮಿ ನಳಿಗೆ ಬಿಚ್ಚಿ ಮೂಸಿ ನೋಡಿದ. "ಅಯ್ಯೋ ಆಂಜಿನಪ್ಪಣ್ಣೇ, ಮೆಷಿನ್ನಿಗೆ ಮುದ್ದೆ ಹಾಕ್ದೆ ಸರಿ, ಸಾರು ಎಲ್ಲಪ್ಪಾ? ಪಾವಂ, ಬರೀ ಮುದ್ದೆ ಇಳೀತದಾ ಅದಕ್ಕೆ?"

ಅಂದಿನಿಂದ ಅದು ಮುದ್ದೆಮಣೆ. ಸುತ್ತ ಮೆತ್ತಲು ಕೊನೆಗೆ ಸೈಕಲ್ ಟ್ಯೂಬಿನ ತೆಳು ಉಂಗುರ ಒಗ್ಗಿತು. ಹೆಸರು ಮಾತ್ರ ಹೋಗಲಿಲ್ಲ. ಈಗಿನ ಫೋರ್‌ಮನ್ ಕೂಡ ಹಾಗೇ ಕರೆಯುತ್ತಾರೆ.

ಬಿಲ್ಲೆಗಳು ತಯಾರಾಗತೊಡಗಿದವು. ಆದರೆ ಒಂದು ಕೊರಗು ಉಳಿಯಿತು. ಮಣೆಯ ಮೇಲಿರುವಾಗ ಸಪಾಟಾಗಿರುವ ಬಿಲ್ಲೆ, ಬಿಟ್ಟ ಕೂಡಲೇ ಎಲ್ಲೋ ಒಂದು ಕಡೆ ಕೂದಲಷ್ಟು ಏಳುತ್ತಿತ್ತು. ನೀಲಿ ಉಂಗುರ ಹರಿಯುತ್ತಿತ್ತು. ಮತ್ತೆ ಮತ್ತೆ ಉಜ್ಜಿ ಸರಿ ಮಾಡಬೇಕಾಗಿತ್ತು. ಲೋಹದ ದೋಷ ಎಂದುಕೊಂಡು ಆಂಜಿನಪ್ಪ ನಲ್ಲಿಯನ್ನು ಇನ್ನಷ್ಟು ತಿರುಗಿಸಿ ಇನ್ನಷ್ಟು ಬಿಗಿಯಾಗಿ ಹಿಡಿಸುತ್ತಿದ್ದರು.

ಅದು ಅರವತ್ತನೇ ಇಸವಿ, ದೀಪಾವಳಿ ಕಳೆದ ಮೇಲಿನ ದಿನಗಳು. ಆ ಬೆಳಗ್ಗೆ ಒಂದು ಬಿಲ್ಲೆಯ ಒಂದು ಮಗ್ಗುಲು ಮತ್ತೆ ಮತ್ತೆ ಉಜ್ಜಿ, ನೀಲಿಗೆ ಮುಟ್ಟಿಸಿ ನೋಡಿ ಮುಗಿದಿತ್ತು. ಇನ್ನೊಂದು ಮಗ್ಗುಲು ಅರ್ಧವಾಗುವಾಗ ಕೆಳಗೆ ಡ್ರಿಲ್ಲುಗಳು ಶುರುವಾದವು. ಎಂದಿನಂತೆ ಬಿಲ್ಲೆಯನ್ನು ಬಟ್ಟೆಯಲ್ಲಿ ಸುತ್ತಿ ನಾಳೆಗೆ ಎತ್ತಿಟ್ಟರು. ಊಟದ ಹೊತ್ತಿಗೆ ಮುಂಚೆ ನೆಲ ಒಮ್ಮೆ ಅದುರಿತು. ಊರಿನ ಮನೆಗಳಲ್ಲಿ ಪಾತ್ರೆಗಳು ಗಲಗಲ ಎಂದವು. ಇಲ್ಲಿನವರಿಗೆ ಅದು ಏನೆಂದು ಹೇಳಬೇಕಿಲ್ಲ. ಆಳದಲ್ಲಿ ಬಂಡೆ ಸಿಡಿದಿದೆ. ಸ್ವಲ್ಪ ಹೊತ್ತಿಗೆ ಇನ್ನೂ ಕೆಟ್ಟ ಸುದ್ದಿ ಬಂತು: ಹಳೆಯ ಮರದ ದಿಮ್ಮಿಗಳಿಗೆ ಬೆಂಕಿ ಹತ್ತಿ ಹೊಗೆ ತುಂಬಿದೆ, ಮೂವರು ಆಚೆಗೆ ಸಿಕ್ಕಿಕೊಂಡಿದ್ದಾರೆ. ಅವರಲ್ಲಿ ಜಯರಾಮಪ್ಪ ಎಂಬ ಅನುಭವಸ್ಥ ಡ್ರಿಲ್ಲಿನ ಗಾಳಿಕೊಳವೆ ಬಿಚ್ಚಿ, ಅದರ ಬಾಯಿಗೆ ಮೂವರ ಮೂಗೊಡ್ಡಿ ಕೂತಿರಬೇಕು. ಕೊಳವೆಯ ಮೇಲೆ ಕಲ್ಲಿನಿಂದ ತಟ್ಟುವ ಸದ್ದು ಮೇಲಿನವರೆಗೂ ಬರುತ್ತಿದೆ.

ತಕ್ಷಣ ಹುಕುಂ ಆಯಿತು. ಮೇಲಿನ ಗಾಳಿಯ ನಲ್ಲಿಗಳೆಲ್ಲ ಬಂದ್. ಇರುವ ಗಾಳಿಯೆಲ್ಲ ಕೆಳಗಿನವರಿಗೆ. ವರ್ಕ್‌ಶಾಪಿಗೆ ಗಾಳಿ ಬಿಡುವ ಕೊಳವೆಯ ಚಕ್ರಕ್ಕೂ, ಮುಟ್ಟಬಾರದೆಂಬ ಗುರುತಿಗೆ, ಕೆಂಪು ಬಟ್ಟೆ ಕಟ್ಟಿದರು.

ಅಷ್ಟರಲ್ಲಿ ರಕ್ಷಣಾ ದಳದ ಉಗ್ರಾಣ ನೋಡಿಕೊಳ್ಳುವ ಚಿಕ್ಕಮುನಿಯಪ್ಪ ಓಡುತ್ತ ಬಂದ. "ಅಣ್ಣೋ, ಆರನೇ ಪೆಟ್ಟಿಗೆ ಬಿಲ್ಲೆ ಎಲ್ಲಿ? ಡಬ್ಬಿ ಖಾಲಿ ಕಣಣ್ಣ!"

ಆರು ಜನ ಹೋಗಬೇಕು, ಇಲ್ಲವೇ ಯಾರೂ ಹೋಗುವಂತಿಲ್ಲ. ಅದು ದಳದ ಕಟ್ಟಳೆ. ಆ ಆರು ಜನರಲ್ಲಿ ಕೋದಂಡಪ್ಪನೂ ಒಬ್ಬ, ಕನಕಮ್ಮನ ಬೆನ್ನಿಗೆ ಬಿದ್ದ ತಮ್ಮ. ಅವನನ್ನು ದಳಕ್ಕೆ ಸೇರು ಎಂದಿದ್ದವರು ಆಂಜಿನಪ್ಪನವರೇ.

ಬಿಲ್ಲೆ ಕೈಯಲ್ಲಿದೆ, ಅರ್ಧ ಆಗಿದೆ. ಮಣೆ ಮುಂದಿದೆ, ಗಾಳಿ ಇಲ್ಲ. ಕೆಂಪು ಬಟ್ಟೆಯ ಗಂಟು ಬಿಚ್ಚಲು ಒಂದು ಚಿಟಿಕೆಯ ಹೊತ್ತು ಸಾಕಿತ್ತು. ಆಂಜಿನಪ್ಪನವರ ಕೈ ಚಕ್ರದವರೆಗೆ ಹೋಯಿತಂತೆ. "ಮುಟ್ಟಿದೆ ಸ್ವಾಮಿ. ಮುಟ್ಟಿದ ತಕ್ಸಣ ಅದರೊಳಗಿಂದ ಟಣ್ ಟಣ್ ಅಂತ ಕಲ್ಲಿನ ಸದ್ದು ಕೈಗೇ ಬಂತು. ಇದು ಅವ್ರ ಉಸ್ರು. ನಾನು ಎಂಗೆ ತಗಳ್ಳಲಿ?"

ಚಕ್ರ ಬಿಟ್ಟು ಬಗ್ಗಿದರು. ಮಣೆಯಡಿಯ ರಬ್ಬರ್ ನಳಿಗೆಯ ಆಚೆ ತುದಿಯನ್ನು ಕಿತ್ತು ಬಾಯಿಗಿಟ್ಟು ಹೀರಿದರು. ಬಿಲ್ಲೆ ಕಚ್ಚಿಕೊಂಡಿತು! ಉಜ್ಜಲು ಕೈ ಆಡಿಸಿದರು. ಎರಡು ಸಲ ಉಜ್ಜುವಷ್ಟರಲ್ಲಿ ಉಸಿರು ತಪ್ಪಿತು, ಬಿಲ್ಲೆ ಜಾರಿತು. ಬಾಯಿಗೂ ಕೈಗೂ ಕಣ್ಣಿಗೂ ಒಬ್ಬನೇ ಯಜಮಾನ ಸಾಲದು.

"ತಳ್ಳು" ಎಂದ ಕುಪ್ಪುಸ್ವಾಮಿ, ಬಾಯಲ್ಲಿದ್ದ ವೀಳ್ಯ ಉಗಿದು. ಅವನು ಸಂಜೆ ಹೊತ್ತು ಮಾರಿಯಮ್ಮನ ಗುಡಿಯಲ್ಲಿ ನಾಗಸ್ವರಕ್ಕೆ ಒತ್ತು ಹಿಡಿಯುವವನು. ನಾಗಸ್ವರದವನು ನಿಲ್ಲಿಸಿದರೂ ಒತ್ತಿನ ಶ್ರುತಿ ಕಡಿಯಬಾರದು. ಕೆನ್ನೆಯಲ್ಲಿ ಗಾಳಿ ಹಿಡಿದು ಮೂಗಿನಿಂದ ಉಸಿರಾಡುವುದು ಒತ್ತಿನವರ ವಿದ್ಯೆ. ಮೇಜಿನಡಿ ಚಕ್ಕಳಮಕ್ಕಳ ಕೂತು ನಳಿಗೆ ಕೈಗೆ ತೆಗೆದುಕೊಂಡ. "ಜೀವಮಾನವೆಲ್ಲ ಊದಿದೀನಿ. ಅಷ್ಟನ್ನೂ ಇವತ್ತು ವಾಪಸ್ ಹೀರಿಸ್ತೀಯಲ್ಲಣ್ಣೇ!" ಎಂದು, ಕಣ್ಣು ಮುಚ್ಚಿ, ಕೆನ್ನೆ ಒಳಕ್ಕೆಳೆದ.

ಆಮೇಲೆ ಕುಪ್ಪುಸ್ವಾಮಿಯ ಮೂಗಿನ ಸದ್ದೊಂದೇ. ಮನುಷ್ಯನ ಬಾಯಿ ಎಷ್ಟೆಂದು ಹಿಡಿದೀತು? ಎಂದಿನಂತೆ ಒತ್ತಿ ಉಜ್ಜಿದರೆ ಬಿಲ್ಲೆ ಹಾರಿಹೋಗುವಂತಿತ್ತು. ಆದ್ದರಿಂದ ಆಂಜಿನಪ್ಪ ಒತ್ತಲಿಲ್ಲ. ಉಜ್ಜುಗಲ್ಲಿನ ತೂಕವಷ್ಟೇ ತಾಗುವಂತೆ, ಕೂಸಿನ ನೆತ್ತಿಗೆ ಎಣ್ಣೆ ಹಚ್ಚುವ ಹಾಗೆ, ಸವರುತ್ತ ಹೋದರು. ಬಾಗಿಲಲ್ಲಿ ಫೋರ್‌ಮನ್ ಬಂದು ನಿಂತವರು ಬೇಗ ಎನ್ನಲಿಲ್ಲ. ಹೊರಗೆ ಗೇಟಿನ ಬಳಿ ಹೆಂಗಸರು ಸೇರುತ್ತಿದ್ದರು. ಅವರಲ್ಲಿ ಕನಕಮ್ಮನೂ ಇದ್ದಾಳೆಂದು ನೋಡದೆಯೇ ಗೊತ್ತಿತ್ತು.

ಕೊನೆಗೆ ಬಿಲ್ಲೆಯನ್ನು ನೀಲಿಗೆ ಮುಟ್ಟಿಸಿ ತಿರುಗಿಸಿದರು. ಉಂಗುರ ಪೂರ್ತಿ ಮೂಡಿತ್ತು. ಎಲ್ಲೂ ಹರಿದಿರಲಿಲ್ಲ. ಇನ್ನೊಂದು ಮಗ್ಗುಲು, ಅದೂ ಪೂರ್ತಿ. ಮೊದಲ ಸಲಕ್ಕೇ ಹಾಗೆ ಬಂದದ್ದು ಅವರು ಅಲ್ಲಿಯವರೆಗೆ ಕಂಡೇ ಇರಲಿಲ್ಲ.

ಕಾರಣ ಹೊಳೆದದ್ದು ಎಷ್ಟೋ ದಿನಗಳ ಮೇಲೆ. ಬಲವಾಗಿ ಹೀರಿದಾಗ ಮಣೆ ಸೊಟ್ಟ ಬಿಲ್ಲೆಯನ್ನೂ ತುಳಿದು ನೆಟ್ಟಗೆ ಕೂರಿಸುತ್ತಿತ್ತು. ನೆಟ್ಟಗಿದೆ ಎಂದುಕೊಂಡು ಉಜ್ಜಿದ್ದೇ ಉಜ್ಜಿದ್ದು. ಬಿಟ್ಟಾಗ ಅದು ತನ್ನ ಹಳೆಯ ಸೊಟ್ಟಕ್ಕೆ ಮರಳುತ್ತಿತ್ತು. ಕುಪ್ಪುಸ್ವಾಮಿಯ ಉಸಿರು ಅದನ್ನು ಜಾರದಂತೆ ಹಿಡಿಯಿತೇ ಹೊರತು ಬಗ್ಗಿಸಲಿಲ್ಲ. ಬಿಲ್ಲೆ ಇದ್ದ ಹಾಗೇ ಇದ್ದು ತಿದ್ದಿಸಿಕೊಂಡಿತು. "ಜೋರಾಗಿ ಇಡದ್ರೆ ಅದು ಸುಳ್ಳು ಏಳ್ತದೆ ಸ್ವಾಮಿ" ಎನ್ನುತ್ತಾರೆ ಆಂಜಿನಪ್ಪ. ಈಗ ಮಣೆಯ ನಲ್ಲಿಯ ಮೇಲೆ ಅರದಿಂದ ಗೀರಿದ ಒಂದು ಗುರುತಿದೆ. ಅಲ್ಲಿಂದಾಚೆಗೆ ಅವರು ತಿರುಗಿಸುವುದಿಲ್ಲ. ಆ ಗುರುತಿನ ಹೆಸರು ಕುಪ್ಪುಸ್ವಾಮಿ. "ಕುಪ್ಪುಸ್ವಾಮಿಗೆ ಇಕ್ಕಿದೀನಿ" ಎಂದರೆ ಮಣೆ ಕೆಲಸಕ್ಕೆ ಸಿದ್ಧ.

ಅಂದು ಚಿಕ್ಕಮುನಿಯಪ್ಪ ಬಿಲ್ಲೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಓಡಿದ. ದಳದಲ್ಲಿ ಒಂದು ಪದ್ಧತಿಯಿದೆ. ಪೆಟ್ಟಿಗೆಯನ್ನು ಯಾರೂ ಆರಿಸಿಕೊಳ್ಳುವಂತಿಲ್ಲ. ಆರೂ ಪೆಟ್ಟಿಗೆಗಳನ್ನು ಪರೀಕ್ಷಿಸಿದ ಮೇಲೆ ಹಿಂದುಮುಂದು ಮಾಡಿ ಮೇಜಿನ ಮೇಲಿಡುತ್ತಾರೆ. ಆರು ಜನ ಮೇಜಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಉಗ್ರಾಣದವನು ಹಿಂದಿನಿಂದ ಒಂದೊಂದಾಗಿ ಹೆಗಲಿಗೆ ಪೆಟ್ಟಿಗೆಯ ಪಟ್ಟಿ ಏರಿಸುತ್ತಾನೆ. ಒಳ್ಳೆಯದು ಅವನಿಗೆ ಸಿಕ್ಕಿತು, ಹಳೆಯದು ನನಗೆ ಬಂತು ಎಂಬ ಮಾತು ಹುಟ್ಟಬಾರದಲ್ಲ, ಅದಕ್ಕೆ.

ಆಂಜಿನಪ್ಪ ಗೇಟಿಗೆ ಬರುವ ಹೊತ್ತಿಗೆ ಆರು ಬೆನ್ನುಗಳು ಗಣಿಗೆ ಇಳಿಸುವ ಪಂಜರದ ಕಡೆ ನಡೆದಿದ್ದವು. ಕನಕಮ್ಮ ಸೆರಗು ಬಾಯಿಗಿಟ್ಟು ನಿಂತಿದ್ದಳು.

"ನೀನು ಮಾಡಿದ್ದು ನನ್ನ ತಮ್ಮನಿಗೆ ಬಂತಾ?"

"ಗೊತ್ತಿಲ್ಲ ಕಣೆ."

"ಸರಿಗಾಯ್ತಾ ಅದು?"

"ನೀಲಿ ಪೂರ್ತಿ ಬಂತು."

ಅವಳಿಗೆ ಅದರ ಅರ್ಥ ಆಗಲಿಲ್ಲ. ಆದರೆ ಗಂಡನ ಮುಖ ನೋಡಿ, ನಿಂತಿದ್ದವಳು ಮೊದಲ ಸಲ ಕೂತಳು.

ಹೊತ್ತು ಇಳಿದ ಮೇಲೆ ಪಂಜರ ಮೇಲೆ ಬಂತು. ಜಯರಾಮಪ್ಪ, ಅವನ ಜೊತೆಯ ಇಬ್ಬರು, ಮೂವರಿಗೂ ಜೀವವಿತ್ತು. ಒಬ್ಬನ ಕಾಲು ಮಾತ್ರ ಉಳಿಯಲಿಲ್ಲ. ಹಿಂದೆಯೇ ಮಸಿ ಬಳಿದ ಮುಖಗಳ ಆರು ಜನ, ಆರೂ ಜನ, ತಮ್ಮ ಕಾಲ ಮೇಲೇ ನಡೆದು ಬಂದರು.

ಕೋದಂಡಪ್ಪನಿಗೆ ಈಗಲೂ ಆ ಮಾತೆತ್ತಿದರೆ ಸಾಕು. "ಬಾವ ಮಾಡಿದ ಬಿಲ್ಲೆ ನನ್ನ ಪೆಟ್ಟಿಗೇಲೇ ಇತ್ತು. ಸತ್ಯವಾಗ್ಲೂ! ಉಸ್ರು ಎಳ್ದಾಗೆಲ್ಲ ವೀಳ್ಯದೆಲೆ ವಾಸ್ನೆ. ಕುಪ್ಪುಸ್ವಾಮಿ ಬಾಯ್ದೇ ಅದು!" ಎನ್ನುತ್ತಾನೆ. ಉಳಿದ ಐವರೂ ಬಿಡುವುದಿಲ್ಲ. ಬಂಗಾರಪೇಟೆ ಸಂತೆಯಲ್ಲಿ, ರೈಲಿನಲ್ಲಿ, ಎಲ್ಲಿ ಸಿಕ್ಕರೂ "ಅದು ನಂದೇ ಕಣಣ್ಣೋ" ಎಂದು ಎದೆ ತಟ್ಟಿ ತೋರಿಸುತ್ತಾರೆ. ಆಂಜಿನಪ್ಪ ಆರು ಜನಕ್ಕೂ "ಊಂ, ಇರ್ಬೇಕು" ಎನ್ನುತ್ತಾರೆ.

ಕೊಳವೆಯೊಳಗೆ ಸಣ್ಣ ನಡುಕ ಬಂದಿದೆ. ಕೆಳಗೆ ಮೊದಲ ಡ್ರಿಲ್ಲು ಎದ್ದಿತು. ಆಂಜಿನಪ್ಪ ನಲ್ಲಿ ಮುಚ್ಚಿ, ಮುಗಿದ ಬಿಲ್ಲೆಯನ್ನು ಒರೆಸಿ ತಗಡಿನ ಡಬ್ಬಿಗೆ ಇಳಿಸುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಡಬ್ಬಿಯನ್ನು ಒಮ್ಮೆ ಅಲ್ಲಾಡಿಸುತ್ತಾರೆ.

"ನಾನು ಮಾಡಿದ್ದೆಲ್ಲ ಇದ್ರಾಗೇ ಇರ್ಲಿ ಸ್ವಾಮಿ. ಇವ್ನ ಇಟ್ಕಂಡು ಯಾರೂ ಉಸ್ರಾಡೋ ಅಂಗಾಗ್ಬಾರ್ದು."

ಬೆಂಕಿ ಬಿದ್ದ ಆ ದಿನದ ಬಿಲ್ಲೆಯೂ ಅದೇ ಡಬ್ಬಿಯಲ್ಲಿ ಎಲ್ಲೋ ಇದೆ. ಪೆಟ್ಟಿಗೆಗಳನ್ನು ಬಿಚ್ಚಿ ತೊಳೆದಾಗ ಹಳೆಯವು ಹೊಸವು ಎಲ್ಲ ಬೆರೆತವು. ಅದಕ್ಕೆ ಗುರುತೇನೂ ಇರಲಿಲ್ಲ. ಚಿಕ್ಕಮುನಿಯಪ್ಪನನ್ನು ಕೇಳಿದ್ದಾಯಿತು. ಪಟ್ಟಿ ಏರಿಸುವಾಗ ತಾನೂ ಪೆಟ್ಟಿಗೆ ನೋಡಲಿಲ್ಲ ಎಂದ. ಕೋದಂಡಪ್ಪನ ವೀಳ್ಯದೆಲೆಯ ಮಾತು ನಿಜವೋ ತಮಾಷೆಯೋ ತಿಳಿಯಲಿಲ್ಲ. ಆ ಬಿಲ್ಲೆ ಅಂದು ಯಾರ ಎದೆಯ ಮೇಲಿತ್ತೆಂದು ಈ ಬರಹ ಹೇಳಲಾರದು.